ಟೊಮೆಟೊ ಕಾದ ಶಾಂತಾರಾಮರು

ಶಾಂತಾರಾಮರು ಬದುಕಿದ್ದಾಗ ಯಾವ ಗಿಡಕ್ಕೂ ಒಂದು ಚೊಂಬು ನೀರು ಹಾಕಿದವರಲ್ಲ. ಸತ್ತ ಮೇಲೆ ಮಾತ್ರ ಲೇಕ್ ಗಾರ್ಡನ್ಸ್‌ನ ತಮ್ಮ ಮನೆಯ ತಾರಸಿಯಲ್ಲಿ ಚಳಿಗಾಲವಿಡೀ ನಿಂತು ಟೊಮೆಟೊ ಕಾದರು. ಹಾಗೆ ನಿಲ್ಲಿಸಿದವಳು ಅವರ ಹೆಂಡತಿ ಆಶಕ್ಕ.

ಆಶಕ್ಕ ಬ್ರಹ್ಮಾವರದಿಂದ ಬ್ಯಾಂಕಿನವನ ಕೈಹಿಡಿದು ಕೋಲ್ಕತ್ತಾಕ್ಕೆ ಬಂದವಳು. ಗಂಡನಿಗೆ ಕಿಡ್ನಿಯಲ್ಲಿ ಕಲ್ಲು. ಟೊಮೆಟೊ ಮುಟ್ಟಬಾರದೆಂದು ಡಾಕ್ಟರ ಕಟ್ಟಪ್ಪಣೆ. ಆ ಮಹಾನುಭಾವ ಮನೆಯಲ್ಲಿ ಸಾಧು. ಬಂಗಾಳಿಗಳ ಮದುವೆಗೆ ಹೋದರೆ ಮಾತ್ರ, ಊಟದ ಕೊನೆಗೆ ಬಡಿಸುವ ಖರ್ಜೂರ ಹಾಕಿದ ಟೊಮೆಟೊ ಚಟ್ನಿಯನ್ನು ಮೂರು ಮೂರು ಸಲ ಹಾಕಿಸಿಕೊಂಡು, ಅಂಗಿಯ ಮೇಲೆ ಕಲೆ ಹೊತ್ತು ಬರುತ್ತಿದ್ದರು.

"ಎಂತ ಇದು?" ಎಂದರೆ, "ಕುಂಕುಮ, ಮಾರಾಯ್ತಿ" ಎನ್ನುತ್ತಿದ್ದರು.

ಕೊನೆಗೆ ಕಲ್ಲು ಏನೂ ಮಾಡಲಿಲ್ಲ, ಹೃದಯ ಕೈಕೊಟ್ಟಿತು. ವರ್ಷ ತುಂಬಿದ ಮೇಲೆ ಆಶಕ್ಕ ಪೇಂಟಿನ ಡಬ್ಬ, ಸೀಳಿದ ಬಾಲ್ದಿಗಳಲ್ಲಿ ಮಣ್ಣು ತುಂಬಿ ಟೊಮೆಟೊ ನೆಟ್ಟಳು. ಹಳೆ ಸೀರೆಯ ಅಂಚು ಹರಿದು ಗಿಡಗಳನ್ನು ಕೋಲಿಗೆ ಕಟ್ಟಿದಳು. ಸಾಸಿವೆ ಹಿಂಡಿಯನ್ನು ನೀರಲ್ಲಿ ಕೊಳೆಸಿ ಬುಡಕ್ಕೆ ಹೊಯ್ದಳು. ಆ ವಾಸನೆಗೆ ಕೆಳಮನೆಯ ಘೋಷ್ ಬಾಬು ಮೂಗು ಮುಚ್ಚಿಕೊಂಡು ಮೇಲೆ ಬಂದರು.

"ಮಾಶಿಮಾ, ಇಲ್ಲಿ ಯಾರಾದರೂ ಸತ್ತಿದ್ದಾರಾ?"

"ಇನ್ನೂ ಇಲ್ಲ ಬಾಬಾ, ನಾನು ಗಟ್ಟಿ ಇದ್ದೇನೆ."

ಗಿಡ ಸೊಂಟದೆತ್ತರ ಬಂತು, ಗೊಂಚಲು ಗೊಂಚಲು ಕಾಯಿ. ಆದರೆ ಕಾಯಿ ಕೆಂಪಗಾದ ದಿನವೇ ಕಾಗೆಯ ಕೊಕ್ಕು ಬೀಳುತ್ತಿತ್ತು. ಬೈದು, ತಟ್ಟೆ ಬಡಿದು ಸಾಕಾಗಿ, ಆಶಕ್ಕ ಬೆದರುಗೊಂಬೆ ಮಾಡಿದಳು. ನೆಲ ಒರೆಸುವ ಕೋಲಿಗೆ ಗಂಡನ ಬ್ಯಾಂಕಿನ ಕೋಟು ತೊಡಿಸಿದಳು. ತಲೆಗೆ ಬಟ್ಟೆಯುಂಡೆ ಇಟ್ಟು, ಚಳಿಯ ಸುಳಿವು ಸಿಕ್ಕರೆ ಸಾಕು ಈ ಊರಿನವರೆಲ್ಲ ಎಳೆದುಕೊಳ್ಳುವ ಮಂಕಿ ಟೋಪಿಯನ್ನು ಕಿವಿಯವರೆಗೆ ಹಾಕಿದಳು. ಥೇಟ್ ಶಾಂತಾರಾಮರೇ. ಒಂದು ಮಂಜಿನ ಬೆಳಿಗ್ಗೆ ಘೋಷ್ ಬಾಬು ಅದಕ್ಕೆ ಕೈಮುಗಿದು, ಅರ್ಧ ನಮಸ್ಕಾರದಲ್ಲೇ ಮೆಟ್ಟಿಲಿಳಿದು ಓಡಿದರಂತೆ. ಕಾಗೆಗಳಂತೂ ಆ ತಾರಸಿಯನ್ನೇ ಬಿಟ್ಟವು.

ಹೀಗಿರುವಾಗ ಶಾಂತಾರಾಮರ ಎರಡನೆಯ ವರ್ಷದ ತಿಥಿ ಬಂತು. ಊರಿನ ಇನ್ನೊಂದು ತುದಿಯ ಡಮ್ ಡಮ್‌ನಿಂದ ಅವರ ಅಕ್ಕ ಜಲಜಕ್ಕ ಬಂದು ಅಡಿಗೆಮನೆಯ ಅಧಿಕಾರ ಹಿಡಿದಳು. ತಿಥಿಯ ಅಡಿಗೆಗೆ ಟೊಮೆಟೊ ನಿಷಿದ್ಧ. ಬುಟ್ಟಿಯಲ್ಲಿದ್ದ ನಾಲ್ಕು ಹಣ್ಣನ್ನು ಜಲಜಕ್ಕ ಇಲಿ ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ಹೊರಗಿಟ್ಟಳು. "ವಿಲಾಯತಿ ಹಣ್ಣು! ತಮ್ಮನ ತಿಥಿಯ ಮನೆಯಲ್ಲಿ!"

ಮಗ ಬಾಲಕೃಷ್ಣ ಕರ್ಮವೆಲ್ಲ ಮುಗಿಸಿ, ಪಿಂಡ, ವಡೆ, ಪಾಯಸದ ಎಲೆಯನ್ನು ತಾರಸಿಯ ಕಟ್ಟೆಯ ಮೇಲಿಟ್ಟ. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಕಾ ಕಾ ಎಂದು ಕರೆದದ್ದಾಯಿತು. ಎದುರಿನ ಕರೆಂಟು ತಂತಿಯ ಮೇಲೆ ಕಾಗೆಗಳು ಸಾಲಾಗಿ ಕೂತು ನೋಡಿದವೇ ಹೊರತು ಒಂದೂ ಇಳಿಯಲಿಲ್ಲ. ವಡೆ ಒಣಗಿತು. ಇನ್ನೊಂದು ಮನೆಗೆ ಹೋಗಬೇಕಿದ್ದ ಭಟ್ಟರು ಆಕಳಿಸಿದರು.

"ತಮ್ಮನಿಗೆ ಕೋಪ ಉಂಟು" ಎಂದಳು ಜಲಜಕ್ಕ. "ಬದುಕಿದ್ದಾಗ ಡಾಕ್ಟರು ಬೇಡ ಅಂದದ್ದನ್ನೇ ಇಲ್ಲಿ ಬೆಳೆಸಿ ಅವನನ್ನು ಅಣಕಿಸ್ತಾ ಇದ್ದೀ. ಗಿಡ ಎಲ್ಲ ಇವತ್ತೇ ಕಿತ್ತು ಬಿಸಾಡ್ತೇನೆ ಅಂತ ಬಾಯಿಬಿಟ್ಟು ಹೇಳು ಆಶಾ. ಆಗ ಬರ್ತಾನೆ."

ಬೆಳಿಗ್ಗೆ ಎದ್ದರೆ ಮಾತಾಡಿಸಲು ಆಶಕ್ಕನಿಗಿದ್ದದ್ದು ಆ ಗಿಡಗಳೇ.

"ಹೇಳಿಬಿಡಮ್ಮ, ಬಾಯಿಮಾತಿಗಾದರೂ" ಎಂದ ಬಾಲಕೃಷ್ಣ.

"ಬಾಯಿಮಾತು ಅಂತ ಅವರಿಗೆ ಗೊತ್ತಾಗುದಿಲ್ವಾ? ಅವರದ್ದೇ ಕಲೆ ಅಲ್ವಾ ಅದು!"

ಆದರೂ ಗಂಡ ಹಸಿದಿರುವನಲ್ಲ ಎಂಬ ಸಂಕಟ. ಆಣೆ ಮಾಡುವ ಮುಂಚೆ ಕೊನೆಯ ಸಲ ನೋಡೋಣವೆಂದು ಗಿಡಗಳ ಕಡೆ ತಿರುಗಿದಳು. ಹಸುರಿನ ನಡುವೆ ಮಂಕಿ ಟೋಪಿ. ಬದುಕಿದ್ದಾಗ ಪೇಪರ್ ಓದುತ್ತ ಕೂತ ಗಂಡ ಹೇಗೆ ಕಣ್ಣಿಗೇ ಬೀಳುತ್ತಿರಲಿಲ್ಲವೋ ಹಾಗೆ, ನಿಂತ ಈ ಗಂಡನನ್ನೂ ಅವಳು ಮರೆತೇಬಿಟ್ಟಿದ್ದಳು. ತಂತಿಯ ಮೇಲಿನ ಕಾಗೆಗಳು ಮರೆತಿರಲಿಲ್ಲ. ಅವು ನೋಡುತ್ತಿದ್ದದ್ದು ಎಲೆಯನ್ನಲ್ಲ, ಕೋಟನ್ನು.

"ಅಯ್ಯೋ ಮಾರಾಯ್ರೇ, ನಿಮ್ಮ ಊಟಕ್ಕೆ ನೀವೇ ಅಡ್ಡ ನಿಂತರೆ ಹೇಗೆ?"

ಟೋಪಿ ಎಳೆದಳು. ಕೋಟು ಬಿಚ್ಚಿದಳು. ಜಲಜಕ್ಕ "ರಾಮ ರಾಮ, ತಮ್ಮನ ಕೋಟು!" ಎನ್ನುವಷ್ಟರಲ್ಲಿ ಕೋಲೂ ಮಲಗಿತು.

ದಪ್ಪ ಕಾಗೆಯೊಂದು ಇಳಿಯಿತು. ಅದು ಪಿಂಡ ನೋಡಿತು, ಪಾಯಸ ನೋಡಿತು. ಆಮೇಲೆ ಟಣ್ಣನೆ ಹಾರಿ, ಆಶಕ್ಕ ಹಣ್ಣಾಗಲೆಂದು ಕಾದಿಟ್ಟಿದ್ದ ಅತಿ ದೊಡ್ಡ ಟೊಮೆಟೊಕ್ಕೆ ಕೊಕ್ಕು ಹಾಕಿತು. ಆಶಕ್ಕನ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಜಲಜಕ್ಕ ಹಾರಿ ಆ ಕೈಯನ್ನು ಹಿಡಿದಳು.

"ಓಡಿಸಬೇಡ! ತಿನ್ನಲಿ! ನನ್ನ ತಮ್ಮ!"

ಕಾಗೆ ರಸ ಸೋರಿಸಿಕೊಂಡು ಸಾವಕಾಶವಾಗಿ ತಿಂದಿತು. ಬಳಿಕ ಊಟದ ಕೊನೆಗೆ ಬಾಯಾಡಿಸುವಂತೆ ಒಂದು ಚೂರು ವಡೆ ಎತ್ತಿಕೊಂಡು ಹಾರಿತು.

"ಮುಟ್ಟಿತಲ್ಲ, ಆಯ್ತು. ಎಲೆ ಹಾಕಿ" ಎಂದರು ಭಟ್ಟರು.

ಗಿಡ ಕೀಳುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಊಟ ಮುಗಿಸಿ ಡಮ್ ಡಮ್‌ಗೆ ಹೊರಟ ಜಲಜಕ್ಕ, ತಾನೇ ಹೊರಗಿಟ್ಟ ನಾಲ್ಕು ಹಣ್ಣನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಆಶಕ್ಕ ಕೋಲು ಎತ್ತಿ ನಿಲ್ಲಿಸಿ, ಕೋಟಿನ ಗುಂಡಿ ಹಾಕಿ, ಟೋಪಿ ಸರಿಮಾಡಿದಳು.

"ಇವತ್ತು ನಿಮ್ಮ ದಿನ ಅಂತ ಬಿಟ್ಟೆ. ನಾಳೆಯಿಂದ ತಿನ್ನುದಲ್ಲ, ಕಾಯುದು."