ಮಾವ ಕೊಟ್ಟ ಗಾಡಿಗೆ ಬಣ್ಣ

ಮಾವನವರು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಮಾವ ಎಂದಷ್ಟೇ ಬರೆಯುತ್ತೇನೆ, ಅದೂ ಹೆಂಡತಿಯ ಮುಖ ನೋಡಿ. ಸಿರುಗುಪ್ಪದ ಈ ಮನುಷ್ಯ ಮದುವೆಯಲ್ಲಿ ನನಗೊಂದು ಕೆಂಪು ಮೋಟಾರ್ ಸೈಕಲ್ ಕೊಟ್ಟ. ನಾನು ಬೇಡ ಅನ್ನಲಿಲ್ಲ. ಅನ್ನಬೇಕಿತ್ತು. ಅಂದಿದ್ದರೆ "ನಾ ಕೊಟ್ಟ ಗಾಡಿ" ಎಂಬ ಮಾತನ್ನು ವರ್ಷಗಟ್ಟಲೆ ಕೇಳುವುದು ತಪ್ಪುತ್ತಿತ್ತು. ಬಾಗಿಲಲ್ಲಿ ನಿಂತರೆ "ನಾ ಕೊಟ್ಟ ಗಾಡಿ ಹೆಂಗೈತಿ?", ಊಟಕ್ಕೆ ಕೂತರೆ "ನಾ ಕೊಟ್ಟ ಗಾಡಿ ಲೀಟರಿಗೆ ಎಷ್ಟು ಓಡ್ತೈತಿ?" ನಾನು ಹೇಗಿದ್ದೇನೆ ಎಂದು ಒಮ್ಮೆಯೂ ಕೇಳಿದವನಲ್ಲ.

ಬಳ್ಳಾರಿಯ ಬಿಸಿಲಿಗೆ ಯಾವ ಬಣ್ಣ ತಡೆದೀತು? ಕಂಟೋನ್ಮೆಂಟ್ ಕಡೆಯ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಅಂಗೈಯಗಲ ನೆರಳಿಲ್ಲ. ಐದು ಬೇಸಿಗೆ ಕಳೆಯುವುದರಲ್ಲಿ ಟ್ಯಾಂಕು ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅದೇ ಗಾಡಿಯ ಮೇಲೆ ಹೆಂಡತಿಯ ಅಣ್ಣನ ಮಗನ ಜವಳದ ಊಟಕ್ಕೆ ಸಿರುಗುಪ್ಪಕ್ಕೆ ಹೋದೆವು. ಪಂಕ್ತಿಯಲ್ಲಿ ಕೂತು ಹೋಳಿಗೆ ಮುರಿಯುತ್ತಿದ್ದೆ. ತುಪ್ಪ ಬಡಿಸಲು ಬಂದ ಮಾವ ಇಡೀ ಪಂಕ್ತಿಗೆ ಕೇಳುವಂತೆ ಅಂದ:

"ಅಳಿಯಂದ್ರು ಗಾಡಿನ ಎಷ್ಟು ಚಂದ ಇಟ್ಕೊಂಡಾರ ನೋಡ್ರಿ! ನಮ್ಮ ಎಮ್ಮಿ ಇದಕ್ಕಿಂತ ಮಿಂಚ್ತೈತಿ."

ಎಲ್ಲರೂ ನಕ್ಕರು. ಬಾಯಲ್ಲಿ ಹೋಳಿಗೆ ಇದ್ದವರೂ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಎಲೆ ಬಿಟ್ಟು ಎದ್ದೆ.

"ನಿಮ್ಮ ಗಾಡಿ ಹೊಸಾದರಂಗ ಮಾಡಿ ನಿಮ್ಮ ಕಟ್ಟಿ ಮುಂದ ತಂದು ನಿಲ್ಲಸ್ತೀನ್ರಿ, ನೀವ ಇಟ್ಕೊಳ್ರಿ. ಅಲ್ಲೀತನಕ ಈ ಹೊಸ್ತಿಲ ನಾನೂ ತುಳಿಯಂಗಿಲ್ಲ, ನಿಮ್ಮ ಮಗಳೂ ತುಳಿಯಂಗಿಲ್ಲ!"

ಹಾಗೆ ಅನ್ನುವ ಮುಂಚೆ ಆ ಮಗಳನ್ನು ಕೇಳಿರಲಿಲ್ಲ. ಅವಳು ಒಳಗೆ ಅವ್ವನ ಪಕ್ಕ ಕೂತು ಹೋಳಿಗೆ ತಟ್ಟುತ್ತಿದ್ದಳು. ನನ್ನ ಕೂಗಿಗೆ ಹಿಟ್ಟಿನ ಕೈಯಲ್ಲೇ ಬಂದು ಗಾಡಿ ಹತ್ತಿದಳು. 

ಪೌರುಷದ ಮಾತು ಆಡಲು ಒಂದು ಗಳಿಗೆ ಸಾಕು. ಗಾಡಿಯ ಬಣ್ಣಕ್ಕೆ ಕೈ ಹಚ್ಚಲು ನನಗೆ ವರ್ಷದ ಮೇಲೆ ಹಿಡಿಯಿತು. ಈ ನಡುವೆ ನಾಗರ ಪಂಚಮಿ ಬಂತು. ಓಣಿಯ ಹೆಣ್ಣುಮಕ್ಕಳೆಲ್ಲ ಚೀಲ ಕಟ್ಟಿಕೊಂಡು ತವರಿಗೆ ಹೋದರು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಹಬ್ಬದ ಶೇಂಗಾ ಉಂಡಿ ಕಟ್ಟಿದಳು. ಫೋನಿನಲ್ಲಿ ಅವಳ ಅವ್ವ ಅಳುವುದು ನನಗೂ ಕೇಳಿಸಿತು. ನಾನು ಟಿವಿ ಜೋರು ಮಾಡಿದೆ. ಮಾಡಿದ್ದನ್ನು ಮುಚ್ಚಿಟ್ಟು ಏನಾಗಬೇಕು?

ಮುಂದಿನ ವರ್ಷ ಪಂಚಮಿಗೆ ಎರಡು ವಾರ ಇರುವಾಗ ಅವಳು ಕೇಳಿದಳು: "ರೀ, ಗಾಡಿಗೆ ಬಣ್ಣ ಯಾವಾಗ ಹೊಡಿತೀರಿ? ಈ ಸಲನೂ ನಾ ಹೋಗದಿದ್ರ ನಮ್ಮವ್ವ ಉಂಡಿ ಕಟ್ಟಂಗಿಲ್ಲ ಅಂದಾಳ."

ಸ್ಪ್ರೇ ಗನ್ನು ನನಗೆ ಹೊಸದಲ್ಲ. ಜೀನ್ಸ್ ತೊಳೆಯುವ ಘಟಕದಲ್ಲಿ ಹನ್ನೊಂದು ವರ್ಷದಿಂದ ಅದೇ ನನ್ನ ಕೆಲಸ. ಹೊಸ ಪ್ಯಾಂಟನ್ನು ಗಾಳಿ ತುಂಬಿದ ರಬ್ಬರಿನ ಕಾಲುಗಳಿಗೆ ತೊಡಿಸಿ ನಿಲ್ಲಿಸಿರುತ್ತಾರೆ. ನಾನು ಅದರ ತೊಡೆಯ ಮೇಲೆ ನೇರಳೆ ಬಣ್ಣದ ಔಷಧ ಹೊಡೆಯುತ್ತೇನೆ. ತೊಳೆದ ಮೇಲೆ ಅಷ್ಟು ಜಾಗ ಬೆಳ್ಳಗಾಗಿ, ಯಾರೋ ಹತ್ತು ವರ್ಷ ಹಾಕಿ ಸವೆಸಿದ ಪ್ಯಾಂಟಿನ ಹಾಗೆ ಕಾಣುತ್ತದೆ. ಮಂದಿಗೆ ಅದೇ ಬೇಕಂತೆ. ಬಣ್ಣ ತೆಗೆಯಲು ಬರುವವನಿಗೆ ಹಚ್ಚುವುದು ಏನು ಮಹಾ ಅಂದುಕೊಂಡೆ.

ಗನ್ನಿಗೆ ಗಾಳಿ ಕೊಡುವ ಕಂಪ್ರೆಸರು ಬೇಕಿತ್ತು. ಕುರುಗೋಡಿನಲ್ಲಿ ನನ್ನ ಶಾಲೆಯ ಗೆಳೆಯನೊಬ್ಬ ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುತ್ತಾನೆ. ಅವನ ಹತ್ತಿರ ಹೋದೆ.

"ಲೇ, ನಿನ್ನ ಕೈ ಪ್ಯಾಂಟಿನ ಕೈ," ಅಂದ ಅವನು. "ಗಾಡಿಗೆ ಹಂಗ ಹೊಡಿಯಾಕ ಬರಂಗಿಲ್ಲ. ಇಲ್ಲೇ ಬಿಟ್ಟು ಹೋಗು, ನಾ ಹೊಡದು ಕೊಡ್ತೀನಿ."

"ನನಗ ಗನ್ನು ಹಿಡಿಯಾಕ ಕಲಸಬ್ಯಾಡ. ಕಂಪ್ರೆಸರ್ ಕೊಡಂಗಿದ್ರ ಕೊಡು, ಇಲ್ಲಂದ್ರ ಬಿಡು."

ಕೊಟ್ಟ. ಕೊಡುವಾಗ ನಕ್ಕ. ಆ ನಗು ಕಂಡು ಅವನ ಮೇಲೂ ಹಲ್ಲು ಕಡಿದೆ.

ಪಂಚಮಿಗೆ ಎರಡು ದಿನ ಇತ್ತು. ಘಟಕಕ್ಕೆ ರಜೆ ಹಾಕಿ ಬೆಳಿಗ್ಗೆಯೇ ಅಂಗಳಕ್ಕೆ ಇಳಿದೆ. ಟ್ಯಾಂಕು ಬಿಚ್ಚಿ, ನೀರು ಹಾಕಿ ಉಜ್ಜುಕಾಗದದಿಂದ ಉಜ್ಜಿ, ಬೂದು ಬಣ್ಣದ ಪ್ರೈಮರ್ ಹೊಡೆದು ಒಣಗಿಸಿದೆ. ಶ್ರಾವಣದ ಗಾಳಿ ಧೂಳು ತಂದು ಸುರಿಯುತ್ತಿತ್ತು. ಹೆಂಡತಿ ಹಳೆಯ ಸೀರೆ ಎರಡು ತಂದು ಸುತ್ತಲೂ ಕಟ್ಟಿದಳು. ಅದೂ ಸಾಲದೆ, ಉಡುವ ಸೀರೆಯೊಂದನ್ನು ತಂದು ಕಟ್ಟಿದಳು. "ಬಣ್ಣ ಬಿದ್ರ ಬೀಳಲಿ, ಲಗೂನ ಮುಗಸ್ರಿ," ಅಂದಳು. ಅವಳ ಮುಖದಲ್ಲಿ ಅಷ್ಟು ನಗು ನೋಡಿ ಬಹಳ ದಿನವಾಗಿತ್ತು.

ಕೆಂಪು ಹೊಡೆದೆ. ಒಣಗಿದ ಮೇಲೆ ನೋಡುತ್ತೇನೆ, ಟ್ಯಾಂಕಿನ ಎರಡೂ ಮಗ್ಗುಲಿಗೆ ನಡುವೆ ದಟ್ಟ ಕೆಂಪು, ಅಂಚಿಗೆ ಬರುತ್ತ ತೆಳುವಾಗಿ, ಕೊನೆಗೆ ಬೂದು. ಜೀನ್ಸಿನ ಕೆಲಸದಲ್ಲಿ ಗನ್ನು ನೆಟ್ಟಗೆ ಹೋಗಬಾರದು. ಮುಂಗೈ ತಿರುಗುತ್ತಿರಬೇಕು, ಔಷಧ ಎಲ್ಲಿ ಮುಗಿಯಿತು ಎಂದು ಗೊತ್ತಾಗಬಾರದು. ಹನ್ನೊಂದು ವರ್ಷ ಮಾಡಿದ್ದನ್ನೇ ಕೈ ಇಲ್ಲಿಯೂ ಮಾಡಿತ್ತು. ಥೂ! ಎಲ್ಲ ಉಜ್ಜಿ ತೆಗೆದು ಮತ್ತೆ ಹೊಡೆದೆ. ಮತ್ತೆ ಅದೇ. ಮರುದಿನ ಮೂರನೇ ಸಲ ಎಡಗೈಯಿಂದ ಬಲಗೈ ಮಣಿಕಟ್ಟು ಬಿಗಿಹಿಡಿದು ಹೊಡೆದೆ. ಈಗ ಅಂಚು ತೆಳುವಾಗಿದ್ದಲ್ಲದೆ ನಡುವೆ ಬಣ್ಣ ಸೋರಿ ಇಳಿಯಿತು. ಡಬ್ಬಿಯೂ ಖಾಲಿಯಾಯಿತು.

"ಕುರುಗೋಡಿನವರನ್ನ ಕರೀರಿ," ಅಂದಳು ಹೆಂಡತಿ. "ನಿಮ್ಮ ಕಾಲ ಬೀಳ್ತೀನಿ."

"ಸತ್ರೂ ಕರಿಯಂಗಿಲ್ಲ. ಇರೂದ ಹಿಂಗ ಒಯ್ಯೂಣು. ಕೆಂಪಗೈತಿಲ್ಲೋ? ಸಾಕು."

ಅವಳು ಸೀರೆಗಳನ್ನು ಬಿಚ್ಚಿ ಒಳಗೆ ಹೋದಳು.

ಪಂಚಮಿಯ ಬೆಳಿಗ್ಗೆ ಸಿರುಗುಪ್ಪದಲ್ಲಿ ಮಾವನ ಕಟ್ಟೆಯ ಮುಂದೆ ಗಾಡಿ ನಿಲ್ಲಿಸಿ ಕೀಲಿ ತೆಗೆದು ಕಟ್ಟೆಯ ಮೇಲೆ ಕುಕ್ಕಿದೆ. ಹೆಂಡತಿ ಚೀಲ ಹಿಡಿದು ಇಳಿದಳು. ಅವಳ ಅವ್ವ ಕಾಲಿಗೆ ನೀರು ಕೊಡಲು ಚೆಂಬು ಹಿಡಿದು ಬಾಗಿಲಿಗೆ ಬಂದಳು. ಮಾವ ಮಾತ್ರ ಗಾಡಿಯ ಸುತ್ತ ತಿರುಗಿದ, ಬಾಗಿದ, ಟ್ಯಾಂಕಿನ ಅಂಚನ್ನು ಉಗುರಿನಿಂದ ಕೆರೆದ.

"ಅಳಿಯಂದ್ರ, ನಾ ಕೊಟ್ಟದ್ದು ಹೊಸಾ ಗಾಡಿ. ಇದಕ್ಕ ತೊನ್ನು ಹತ್ತೈತಿ. ಒಯ್ರಿ, ಒಯ್ರಿ. ಸರಿ ಮಾಡಿ ತಗೊಂಡು ಬರ್ರಿ."

"ಇಟ್ಕೊಳ್ಳೂದಿದ್ರ ಇಟ್ಕೊಳ್ರಿ, ಇಲ್ಲಂದ್ರ ತಿಪ್ಪಿಗೆ ಹಾಕ್ರಿ!" ಎಂದು ನಾನೂ ಕಿರುಚಿದೆ. ಹೆಂಡತಿಯ ಕಡೆ ತಿರುಗಿ, "ಏ, ನಡಿ. ಈ ಮನಿ ಸವಾಸ ಸಾಕು," ಅಂದೆ.

ಅವಳು ಅಲುಗಾಡಲಿಲ್ಲ. ಅಪ್ಪನನ್ನೂ ನನ್ನನ್ನೂ ನೋಡಿ, ಏರದ ದನಿಯಲ್ಲಿ ಅಂದಳು:

"ಒಂದು ವರ್ಷದ ಮ್ಯಾಲ ಆತು, ನಾ ಈ ಬಾಗಲಾಗ ನಿಂತು. ಇಬ್ಬರೂ ಗಾಡಿ ನೋಡಾಕತ್ತೀರಿ. ನನ್ನ ಮಾರಿ ಯಾರರ ನೋಡಿದ್ರೇನು? ಗಾಡಿ ಬೇಕಾದಂಗ ಹಂಚ್ಕೊಳ್ರಿ. ನಾ ಹಬ್ಬಕ್ಕ ಬಂದೀನಿ, ನಮ್ಮವ್ವನ ಮನಿಗೆ."

ಅವ್ವನ ಕೈಯಿಂದ ಚೆಂಬು ತೆಗೆದುಕೊಂಡು ತಾನೇ ಕಾಲಿಗೆ ನೀರು ಹಾಕಿಕೊಂಡು, ಹೊಸ್ತಿಲು ದಾಟಿ ಒಳಗೆ ಹೋದಳು. ಅವ್ವನೂ ಹಿಂದೆಯೇ ಹೋದಳು. ಒಳಗೆ ಇಬ್ಬರೂ ಅಳುವುದು ಕೇಳಿಸಿತು. ಗಾಡಿಯ ಆಚೆ ಮಾವ, ಈಚೆ ನಾನು.  ಗಾಡಿ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದು ಹೋಗೋಣವೆಂದರೆ ಅವನು ನೋಡುತ್ತ ನಿಂತಿದ್ದ, ಅವನೆದುರು ಕಾಲುನಡಿಗೆಯಲ್ಲಿ ಹೋಗಲು ಮಾನ ಬಿಡಲಿಲ್ಲ. ಕೀಲಿ ಎತ್ತಿಕೊಂಡು ಅದೇ ಗಾಡಿಯ ಮೇಲೆ ಒಬ್ಬನೇ ಬಳ್ಳಾರಿಗೆ ಬಂದೆ. ಅವಳು ಐದನೆಯ ದಿನ ಬಸ್ಸಿನಲ್ಲಿ ಬಂದಳು, ನನಗೂ ನಾಲ್ಕು ಉಂಡಿ ತಂದಳು.

ಮಾವನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ. ಟ್ಯಾಂಕು ಹಾಗೇ ಇದೆ, ಅದರ ಮೇಲೇ ಘಟಕಕ್ಕೆ ಹೋಗಿ ಬರುತ್ತೇನೆ. ಹೆಂಡತಿ ಮನಸ್ಸಾದಾಗ ಸಿರುಗುಪ್ಪಕ್ಕೆ ಹೋಗುತ್ತಾಳೆ. ಹೋಗಲೇ ಎಂದು ಕೇಳುವುದಿಲ್ಲ, ಹೋಗುತ್ತೇನೆ ಎಂದು ಹೇಳುತ್ತಾಳೆ. "ಬಸ್ ಸ್ಟ್ಯಾಂಡಿನತನಕ ಬಿಡ್ತೀನಿ, ಹತ್ತು" ಎಂದು ನಾನು ಗಾಡಿ ಚಾಲೂ ಮಾಡಿದರೆ, ಚೀಲ ಹೆಗಲಿಗೆ ಏರಿಸಿಕೊಂಡು "ಆಟೋ ಸಿಗ್ತೈತಿ" ಎಂದು ಗೇಟು ದಾಟುತ್ತಾಳೆ.