ಹಲಗೆ ಓರೆ ಮಾಡಿದ ಶನಿವಾರ

ಮಾಘ ಮಾಸದ ಶನಿವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಹೊಳೆನರಸೀಪುರದಲ್ಲಿ ನನ್ನ ಗೆಳತಿಯ ಮನೆಯ ಜಗಲಿ. ಹಾಜರಿದ್ದವರು ಇಬ್ಬರು: ವ್ಯಾಯಾಮ ಶಿಕ್ಷಕಿಯಾಗಿ ನಿವೃತ್ತಳಾದ ನಾನು, ಚಿತ್ರಕಲಾ ಶಿಕ್ಷಕಿಯಾಗಿ ನಿವೃತ್ತಳಾದ ಅವಳು. ಹಾಸನದಿಂದ ಮೊದಲ ಬಸ್ಸಿಗೆ ಹೊರಟು ಬಂದಿದ್ದೆ. ತಲೆಗೆ ಸುತ್ತಿದ್ದ ಶಾಲು ಬಿಚ್ಚುವ ಮೊದಲು ಬ್ರಷ್ಷು ಹಿಡಿದಿದ್ದ ಅವಳ ಬಲಗೈ ನೋಡಿದೆ. ನಡುಗುತ್ತಿತ್ತು.

ಅವಳ ಕೈ ನಡುಗಲು ಶುರುವಾಗಿ ವರ್ಷದ ಮೇಲಾಯಿತು. ಸುಮ್ಮನೆ ತೊಡೆಯ ಮೇಲಿಟ್ಟರೆ ಏನೂ ಇಲ್ಲ. ಲೋಟ ಹಿಡಿದರೆ, ಸೂಜಿ ಹಿಡಿದರೆ, ಬ್ರಷ್ಷು ಹಿಡಿದರೆ ಶುರು. ಹಾಸನದ ಡಾಕ್ಟರು ಮಾತ್ರೆ ಕೊಟ್ಟು, ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ ಎಂದಿದ್ದರು. ಅಂಥ ಕೈಯಲ್ಲಿ ಅವಳು ಆ ದಿನ ಅರಕಲಗೂಡಿನ ಒಂದು ಪ್ರೌಢಶಾಲೆಗೆ ಹೋಗಿ ಜಲವರ್ಣ ಚಿತ್ರಕಲೆಯ ಇತಿಹಾಸ ಹೇಳಿ, ಮಕ್ಕಳ ಎದುರಿಗೇ ಒಂದು ಚಿತ್ರ ಬರೆದು ತೋರಿಸಬೇಕಿತ್ತು. ಕರೆದಿದ್ದವನು ಆ ಶಾಲೆಯ ಮುಖ್ಯೋಪಾಧ್ಯಾಯ, ನಮ್ಮಿಬ್ಬರ ಹಳೆಯ ವಿದ್ಯಾರ್ಥಿ.

ಹೊರಡುವ ಮುಂಚೆ ಒಂದು ಸಲ ಮಾಡಿ ನೋಡುತ್ತೇನೆ ಎಂದು ಜಗಲಿಯಲ್ಲಿ ಕೂತಿದ್ದಳು. ಹಲಗೆಯ ಎರಡೂ ಮಗ್ಗುಲಿಗೆ ದಪ್ಪ ಹಾಳೆ ಅಂಟಿಸಿತ್ತು: ಒಂದು ಅಭ್ಯಾಸಕ್ಕೆ, ಒಂದು ಶಾಲೆಗೆ. ಮೊದಲು ಆಕಾಶದ ವಾಶ್. ತೆಳ್ಳಗೆ ಕಲಸಿದ ಬಣ್ಣವನ್ನು ಹಾಳೆಯ ಮೇಲಂಚಿನಿಂದ ಕೆಳಗಿನವರೆಗೆ ಎಲ್ಲೂ ಗೆರೆ ಕಾಣದ ಹಾಗೆ ಇಳಿಸುವುದಕ್ಕೆ ವಾಶ್ ಎನ್ನುತ್ತಾರೆ. ನಡುವೆ ನಿಲ್ಲಿಸುವಂತಿಲ್ಲ, ಒಣಗಿದ ಮೇಲೆ ತಿದ್ದುವಂತಿಲ್ಲ. ಅವಳ ಬ್ರಷ್ಷು ಎರಡು ಗೆರೆ ಸರಿಯಾಗಿ ಹೋಯಿತು. ಮೂರನೆಯದರಲ್ಲಿ ಹಾಳೆಯನ್ನು ಕುಕ್ಕತೊಡಗಿತು.

"ನೋಡೇ, ಕೋಳಿ ಕೆದರ್ದಂಗೆ ಆಗೈತೆ ಆಕಾಶ."

"ಇನ್ನೊಂದ್ಸಲ ಮಾಡು," ಎಂದೆ.

"ಇದು ನಿನ್ ಡ್ರಿಲ್ ಕ್ಲಾಸಲ್ಲ ಕಣೇ, ಇನ್ನೊಂದ್ಸಲ ಇನ್ನೊಂದ್ಸಲ ಅನ್ನೋಕೆ." ಬ್ರಷ್ಷನ್ನು ನೀರಿಗೆ ಹಾಕಿ ತನ್ನ ಬಣ್ಣದ ತಗಡಿನ ಪೆಟ್ಟಿಗೆಯ ಕಡೆ ನೋಡಿದಳು. "ಒಂದು ಮಾತು ಹೇಳ್ತೀನಿ, ಬಾಯಿ ಹಾಕ್ಬೇಡ. ಇವತ್ತು ಮಕ್ಕಳ ಮುಂದೆ ನನ್ ಕೈಲಿ ಆಗ್ಲಿಲ್ಲ ಅಂದ್ರೆ ಈ ಪೆಟ್ಟಿಗೆ ಅಲ್ಲೇ ಬಿಟ್ಟು ಬತ್ತೀನಿ. ಆಮೇಲೆ ಬ್ರಷ್ಷು ಮುಟ್ಟಲ್ಲ."

"ಆಯಿತು, ಮೊದಲು ಹೊರಡು," ಎಂದೆ. ಸಮಾಧಾನದ ಮಾತು ನನಗೆ ಬರುವುದಿಲ್ಲ. ಬ್ರಷ್ಷುಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿದೆ, ಬಣ್ಣದ ಟ್ಯೂಬುಗಳ ಮುಚ್ಚಳ ಬಿಗಿ ಮಾಡಿದೆ, ಪಿಂಗಾಣಿ ಬಟ್ಟಲುಗಳ ನಡುವೆ ಹತ್ತಿ ಇಟ್ಟೆ. ಹಲಗೆಗೆ ಹಳೆಯ ದುಪ್ಪಟಿ ಸುತ್ತಿದೆ. ಆದರೆ ಅವಳ ಮಾತು ನನ್ನ ಎದೆಯಲ್ಲಿ ಕೂತಿತು. ಅವಳನ್ನು ಕಂಡಾಗಿನಿಂದ ಆ ಪೆಟ್ಟಿಗೆಯನ್ನೂ ಕಂಡಿದ್ದೇನೆ. ಪೆಟ್ಟಿಗೆ ಬಿಟ್ಟು ಬಂದವಳು ಮಾರನೆಯ ದಿನ ಎದ್ದು ಏನು ಮಾಡುತ್ತಾಳೆ?

ನಮ್ಮಿಬ್ಬರಿಗೂ ಮೊದಲು ಕೆಲಸ ಸಿಕ್ಕಿದ್ದು ಚನ್ನರಾಯಪಟ್ಟಣದ ಒಂದೇ ಶಾಲೆಯಲ್ಲಿ. ಅಲ್ಲಿ ಅವಳ ತರಗತಿ ಮುಗಿದ ಮೇಲೆ ನನ್ನ ತರಗತಿ. ಬೆಲ್ ಹೊಡೆದ ಕೂಡಲೇ ನಾನು ಬಾಗಿಲಲ್ಲಿ ನಿಂತು ಸೀಟಿ ಊದುತ್ತಿದ್ದೆ. ಮಕ್ಕಳು ಅರ್ಧ ಬಳಿದ ಆಕಾಶವನ್ನು ಬಿಟ್ಟು ಮೈದಾನಕ್ಕೆ ಓಡುತ್ತಿದ್ದರು. ವಾಪಸು ಬರುವಷ್ಟರಲ್ಲಿ ಬಣ್ಣ ಒಣಗಿ ನಡುವೆ ಕಲೆ ಕಟ್ಟಿರುತ್ತಿತ್ತು. ಒಂದು ದಿನ ಅವಳು ನನ್ನ ಸೀಟಿಯನ್ನು ಕಿತ್ತುಕೊಂಡು, "ಬಣ್ಣಕ್ಕೆ ಬೆಲ್ ಕೇಳ್ಸಲ್ಲ ಕಣೇ!" ಎಂದು ಕೂಗಿದ್ದಳು. ಮಕ್ಕಳಿಗೆ ಕೇಳಿಸುತ್ತದಲ್ಲ ಎಂದು ನಾನೂ ಕೂಗಿದ್ದೆ. ಆವತ್ತಿನಿಂದ ಸ್ನೇಹಿತೆಯರು. ಸೀಟಿ ಮಾತ್ರ ನಿಲ್ಲಿಸಲಿಲ್ಲ. ಹೊತ್ತು ಎಂದರೆ ಹೊತ್ತು.

ಅರಕಲಗೂಡಿನ ಬಸ್ಸಿನಲ್ಲಿ ಜಾಗ ಸಿಕ್ಕಿತು. ಕಂಡಕ್ಟರ್ ಬರುವ ಮೊದಲೇ ಇಬ್ಬರ ಆಧಾರ್ ಕಾರ್ಡೂ ನನ್ನ ಕೈಯಲ್ಲಿತ್ತು. ಅವನು ಉಚಿತ ಟಿಕೆಟ್ ಹರಿದು ಕೊಟ್ಟು ದುಪ್ಪಟಿಯ ಗಂಟಿನ ಕಡೆ ತಿರುಗಿದ.

"ಇದೇನಜ್ಜಿ, ಬಾಗಿಲಾ? ಇದ್ಕೆ ಲಗೇಜ್ ಆಯ್ತದೆ."

"ಅದೂ ಹೆಂಗಸೇ ಕಣಪ್ಪ," ಎಂದಳು ಅವಳು. "ಸೀಟೂ ಕೇಳಲ್ಲ, ನನ್ ತೊಡೆ ಮೇಲೆ ಕೂತ್ಕತ್ತದೆ."

"ಅಂಗಾದ್ರೆ ಅದರ ಆಧಾರೂ ತೋರ್ಸಿ," ಎಂದು ನಗುತ್ತಾ ಮುಂದಕ್ಕೆ ಹೋದ.

ಊರು ದಾಟಿದ ಮೇಲೆ ಅವಳು ದುಪ್ಪಟಿ ಸರಿಸಿ ಬೆಳಗಿನ ಕೆಟ್ಟ ಆಕಾಶವನ್ನು ಮತ್ತೆ ನೋಡತೊಡಗಿದಳು. ಮುಚ್ಚು ಎಂದರೆ ಮುಚ್ಚಲಿಲ್ಲ. ಬಾಯಾರಿಕೆ ಎಂದಳು. ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟೆ. ಅವಳು ಬಾಯಿಗೆ ಎತ್ತಿದಾಗಲೇ ಬಸ್ಸು ರಸ್ತೆಯ ಉಬ್ಬು ಹತ್ತಿ ಇಳಿಯಿತು. ಕೈಯ ನಡುಕ, ಬಸ್ಸಿನ ಕುಲುಕು, ಎರಡೂ ಸೇರಿ ಒಂದು ಗುಟುಕಿನಷ್ಟು ನೀರು ಹಾಳೆಯ ಮೇಲೆ ಬಿತ್ತು. ಕರವಸ್ತ್ರ ತೆಗೆದು ಒರೆಸಲು ಹೋದೆ.

"ಮುಟ್ಬೇಡ್ವೇ! ಕೈ ತೆಗಿ!"

ಬಾಟಲಿಯನ್ನು ನನ್ನ ಮಡಿಲಿಗೆ ಎಸೆದು, ಹಲಗೆಯ ಎರಡು ಅಂಚುಗಳನ್ನು ಎರಡೂ ಕೈಯಲ್ಲಿ ಹಿಡಿದಳು. ಬಸ್ಸು ಎಡಕ್ಕೆ ತಿರುಗಿತು, ನೀರು ಬಲಕ್ಕೆ ಹರಿಯಿತು. ಒಣಗಿದ್ದ ನೀಲಿ ಅದರ ಜೊತೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು ಹೊರಟಿತು. ಅವಳು ಹಲಗೆಯನ್ನು ತನ್ನ ಕಡೆ ಓರೆ ಮಾಡಿದಳು. ನೀರು ನೆಟ್ಟಗೆ ಇಳಿಯಿತು. ಹೋದ ದಾರಿಯಲ್ಲೆಲ್ಲ ಕೋಳಿ ಕೆದರಿದ ಗುರುತು ಅಳಿಸಿ, ತೆಳ್ಳಗಿನ ನೀಲಿ ಉಳಿಯಿತು. ಕೈ ನಡುಗುತ್ತಲೇ ಇತ್ತು. ಆದರೆ ಹಲಗೆಯ ಭಾರಕ್ಕೆ ಆ ನಡುಕ ನೀರಿನವರೆಗೆ ಮುಟ್ಟುತ್ತಿರಲಿಲ್ಲ.

"ಹಲಗೆ ಓರೆ ಇಟ್ಕಳಿ, ನೀರಿಗೆ ದಾರಿ ಗೊತ್ತು ಅಂತ ಜೀವಮಾನವೆಲ್ಲ ಮಕ್ಕಳಿಗೆ ಬಡ್ಕೊಂಡೆ," ಎಂದಳು. "ನನ್ ಕೈ ಕೆಟ್ಟಾಗ ನಂಗೇ ಮರ್ತೋಯ್ತಲ್ಲೇ."

"ನನ್ನ ಸೀರೆ ಪೂರ್ತಿ ಒದ್ದೆ," ಎಂದೆ.

"ಒಣಗ್ತದೆ ಸುಮ್ನಿರು."

ಆಮೇಲೆ ದಾರಿಯುದ್ದಕ್ಕೂ ಅದೇ ಕೆಲಸ. ಎಡಕ್ಕೆ ಓರೆ, ಬಲಕ್ಕೆ ಓರೆ. ನೀರು ತೀರಿದರೆ ನಾನು ಬಾಟಲಿಯಿಂದ ಹನಿ ಹಾಕುವುದು. ಹಿಂದಿನ ಸೀಟಿನ ಹೆಂಗಸು ಎದ್ದು ನಿಂತು ನೋಡಿ, "ಪಾಪ, ಅಜ್ಜಿಗೇನಾಗೈತೆ?" ಎಂದು ನನ್ನನ್ನು ಕೇಳಿದಳು. ಅಭ್ಯಾಸ ನಡೆಯುತ್ತಿದೆ ಎಂದೆ.

ಶಾಲೆಯಲ್ಲಿ ಮುಖ್ಯೋಪಾಧ್ಯಾಯ ಗೇಟಿನವರೆಗೆ ಬಂದು ಕರೆದುಕೊಂಡು ಹೋದ. ಅವನ ಕಣ್ಣೂ ಅವಳ ಕೈಯ ಮೇಲೆ ಬಿತ್ತು. "ಮಿಸ್, ನೀವು ಕೂತ್ಕೊಂಡು ಮಾತಾಡಿ, ಸಾಕು. ಚಿತ್ರಗಳನ್ನೆಲ್ಲ ಪ್ರೊಜೆಕ್ಟರ್‌ಗೆ ಹಾಕಿದೀವಿ. ಬರೆಯೋ ಶ್ರಮ ಬೇಡ." ಆಮೇಲೆ ಮೂಲೆಯ ಗಾಜಿನ ಬೀರು ತೋರಿಸಿದ. "ಫೋನಲ್ಲಿ ಪೆಟ್ಟಿಗೆ ಇಲ್ಲಿಗೇ ಕೊಡಬಹುದು ಅಂದ್ರಲ್ಲ, ಒಂದು ಖಾನೇನೇ ಖಾಲಿ ಮಾಡ್ಸಿದೀನಿ." ಖಾನೆಯಲ್ಲಿ ಹೊಸ ಬಿಳಿ ಕಾಗದ ಹಾಸಿತ್ತು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳು ಆ ಬಿಳಿ ಕಾಗದವನ್ನು ಒಂದು ಕ್ಷಣ ನೋಡಿದಳು. "ಮೊದ್ಲು ಎರಡು ಬಕೀಟು ನೀರು ತರ್ಸಪ್ಪ," ಎಂದಳು. "ಬರೆದೇ ತೋರ್ಸೋದು."

ಇತಿಹಾಸವನ್ನು ಅವಳು ಕತೆಯ ಹಾಗೆ ಹೇಳಿದಳು. ಮೊದಲಿಗೆ ಶ್ರವಣಬೆಳಗೊಳದ ಮಠದ ಗೋಡೆ ಚಿತ್ರ ನೋಡಿದವರು ಕೈ ಎತ್ತಿ ಎಂದಳು. ಮಣ್ಣು, ಕಲ್ಲು ಅರೆದ ಪುಡಿಗೆ ಅಂಟು ಸೇರಿಸಿ ನೀರಿನಲ್ಲಿ ಕಲಸುವುದು ನಮ್ಮವರಿಗೆ ಹೊಸದಲ್ಲ ಎಂದಳು. ಚೀನಾದ ಚಿತ್ರಕಾರರು ಬೆಟ್ಟ ಬರೆದು, ಮಂಜಿನ ಜಾಗವನ್ನು ಏನೂ ಬರೆಯದೆ ಬಿಡುತ್ತಿದ್ದರು. ಐನೂರು ವರ್ಷದ ಹಿಂದೆ ಜರ್ಮನಿಯ ಒಬ್ಬ ಕಲಾವಿದ, ಯಾರೂ ತಿರುಗಿ ನೋಡದ ಒಂದು ಹಿಡಿ ಹುಲ್ಲನ್ನು ಎಸಳು ಎಸಳಾಗಿ ಬರೆದ. ಕಂಪನಿ ಕಾಲದಲ್ಲಿ ನಮ್ಮ ದೇಶದ ಚಿತ್ರಗಾರರು ಗಿಡ, ಹಕ್ಕಿಗಳನ್ನು ಬ್ರಿಟಿಷ್ ದೊರೆಗಳಿಗೆ ಬರೆದುಕೊಟ್ಟರು, ಎಷ್ಟೋ ಹಾಳೆಗಳಲ್ಲಿ ಅವರ ಹೆಸರೇ ಇಲ್ಲ. ಬಂಗಾಳದವರು ಬರೆದ ಚಿತ್ರವನ್ನೇ ನೀರಿನಲ್ಲಿ ಅದ್ದಿ ತೆಗೆದು, ಮತ್ತೆ ಬರೆದು, ಮತ್ತೆ ಅದ್ದಿದರು. ಇಂಗ್ಲೆಂಡಿನ ಒಬ್ಬನಂತೂ ಬೆಳಕು ತೋರಿಸಲು ಒದ್ದೆ ಬಣ್ಣವನ್ನು ಹೆಬ್ಬೆರಳಿನ ಉಗುರಿನಿಂದ ಕೆರೆಯುತ್ತಿದ್ದ, ಅದಕ್ಕೆಂದೇ ಉಗುರು ಬೆಳೆಸಿದ್ದ.

"ಉಗುರು ಬಿಟ್ಟಿದ್ರೆ ಅವರ ಮೇಷ್ಟ್ರು ಬೈತಿರ್ಲಿಲ್ವಾ ಮಿಸ್?" ಎಂದು ಒಬ್ಬ ಹುಡುಗಿ ಕೇಳಿದಳು.

"ನನ್ನ ಸಾಲಿನಲ್ಲಿ ನಿಂತಿದ್ದರೆ ಮನೆಗೆ ಕಳಿಸುತ್ತಿದ್ದೆ," ಎಂದೆ. ಮಕ್ಕಳು ನಕ್ಕರು.

"ನಕ್ಕಿದ್ದು ಸಾಕು, ಇಲ್ನೋಡಿ," ಎಂದಳು ಅವಳು. "ಎಣ್ಣೆ ಬಣ್ಣದಲ್ಲಿ ಬಿಳಿ ಬೇಕಾದ್ರೆ ಬಿಳಿ ಬಳೀಬೋದು. ನಮ್ಮದರಲ್ಲಿ ಬಿಳಿ ಅಂದ್ರೆ ನಾವು ಮುಟ್ಟದೆ ಬಿಟ್ಟ ಕಾಗದ."

ಹಲಗೆ ಮಗುಚಿ, ಹತ್ತಿಯ ಉಂಡೆಯನ್ನು ಬರೀ ನೀರಿನಲ್ಲಿ ಅದ್ದಿ ಹೊಸ ಹಾಳೆಯ ಮೇಲ್ಭಾಗವನ್ನು ಒದ್ದೆ ಮಾಡತೊಡಗಿದಳು. ಅಲ್ಲಲ್ಲಿ ಒಣ ಜಾಗ ಬಿಟ್ಟಳು, ಅವು ಮೋಡಗಳು. ಎಲ್ಲರಿಗೂ ಕಾಣುವ ಹಾಗೆ ಕೈ ನಡುಗಿತು.

"ಮಿಸ್, ಯಾಕೆ ಕೈ ನಡುಗ್ತಾ ಐತೆ?" ಮತ್ತೆ ಅದೇ ಹುಡುಗಿ. ಮುಖ್ಯೋಪಾಧ್ಯಾಯ ಅವಳನ್ನು ಗದರಲು ಬಾಯಿ ತೆರೆದ.

"ವಯಸ್ಸಾಯ್ತಲ್ಲ, ಅದಕ್ಕೆ. ಅದರ ಪಾಡಿಗೆ ಅದು ನಡುಗ್ಲಿ ಬಿಡಮ್ಮ, ನೀನು ಹಲಗೆ ನೋಡು."

ಬಟ್ಟಲಿನಲ್ಲಿದ್ದ ನೀಲಿಯನ್ನು ಮೇಲಂಚಿಗೆ ಸುರಿದು ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಓರೆ ಮಾಡಿದಳು. ಬಣ್ಣ ಒದ್ದೆ ಇದ್ದಲ್ಲೆಲ್ಲ ಇಳಿಯಿತು, ಒಣ ಜಾಗವನ್ನು ಬಳಸಿಕೊಂಡು ಹೋಯಿತು. ನಡುಗುವ ಕೈ ಒದ್ದೆ ಮಾಡಿದ ಅಂಚುಗಳು ನೆಟ್ಟಗಿರಲಿಲ್ಲ. ಮೋಡದ ಅಂಚೂ ನೆಟ್ಟಗಿರುವುದಿಲ್ಲ. ಒಂದು ಮೋಡದೊಳಕ್ಕೆ ಹನಿಯೊಂದು ನುಗ್ಗಿತು. ಅವಳ ಬಲಗೈ ತಟ್ಟನೆ ಬ್ರಷ್ಷಿನ ಕಡೆ ಹೋಗಿ, ನಿಂತು, ಹಲಗೆಗೇ ವಾಪಸಾಯಿತು.

ಬಣ್ಣ ಇನ್ನೂ ಅರ್ಧ ಹಾಳೆ ಇಳಿದಿರಲಿಲ್ಲ, ಬೆಲ್ ಹೊಡೆಯಿತು. ಶನಿವಾರದ ಕೊನೆಯ ಬೆಲ್. ಹಿಂದಿನ ಸಾಲಿನಲ್ಲಿ ಚೀಲಗಳ ಸದ್ದು ಕೇಳಿಸಿತು.

ನಾನು ಎದ್ದು ನಿಂತೆ. "ಯಾರೂ ಏಳಬಾರದು! ಬಣ್ಣ ಒಣಗಿಲ್ಲ!"

ಮೈದಾನದ ಗಂಟಲು ಇನ್ನೂ ಇದೆ. ಚೀಲಗಳು ಕೆಳಗಿಳಿದವು.

"ಯಾರೇ ಹಿಂಗಂದಿದ್ದು?" ಅವಳು ಹಲಗೆಯಿಂದ ಕಣ್ಣು ತೆಗೆಯದೆ ಕೇಳಿದಳು. ಭುಜಗಳು ಕುಲುಕುತ್ತಿದ್ದವು. ನಗುತ್ತಿದ್ದಳು.

ಆಕಾಶ ಮುಗಿಯಿತು. ಕೆಳಗೆ ಇನ್ನೊಂದು ಓರೆಗೆ ಹೇಮಾವತಿಯ ನೀರು ಬಂತು. ದಡದ ಮರಗಳ ಕಪ್ಪನ್ನು ಹತ್ತಿಯ ಉಂಡೆಯಿಂದಲೇ ಒತ್ತಿದಳು. ಅವಳು ಮೊದಲು ಬರೆಯುತ್ತಿದ್ದ ಚಿತ್ರಗಳಷ್ಟು ಚೊಕ್ಕಟವಾಗಿರಲಿಲ್ಲ, ಮರಗಳು ಮರಗಳ ಹಾಗೆ ಕಾಣಲಿಲ್ಲ. ಅದನ್ನು ಅವಳಿಗೆ ಹೇಳಿದೆ ಕೂಡ. "ಮರ ಮುಂದಿನ ವಾರ ನೋಡ್ಕಳೋಣ," ಎಂದಳು. ಮುಂದಿನ ವಾರ ಎಂಬ ಮಾತು ಕೇಳಿದ ಮೇಲೆ ನಾನು ಕೂತುಕೊಂಡೆ.

ಚಿತ್ರ ಒಣಗಿದ ಮೇಲೆ ಅಂಚು ಬಿಡಿಸಿ, ಬೀರುವಿನ ಖಾಲಿ ಖಾನೆಯಲ್ಲಿ ಬಿಳಿ ಕಾಗದದ ಮೇಲೆ ತಾನೇ ಮಲಗಿಸಿದಳು. ಮುಖ್ಯೋಪಾಧ್ಯಾಯ ಪೆಟ್ಟಿಗೆಯ ಕಡೆ ನೋಡಿದ.

"ಅದು ನಂಗೆ ಬೇಕು ಕಣಪ್ಪ," ಎಂದಳು.

ಸಂಜೆ ನಾಲ್ಕಕ್ಕೆ ಹೊಳೆನರಸೀಪುರ ತಲುಪಿದೆವು. ಹಾಸನಕ್ಕೆ ಆಮೇಲಿನ ಬಸ್ಸಿಗೆ ಹೋಗುತ್ತೇನೆ ಎಂದು ತೀರ್ಮಾನಿಸಿದೆ. ಬಟ್ಟಲು ತೊಳೆದೆ, ಹತ್ತಿ ಬಿಸಾಡಿದೆ. ಬಳಸದ ಬ್ರಷ್ಷುಗಳನ್ನೂ ಅವಳು ಒಮ್ಮೆ ನೀರಿನಲ್ಲಿ ಅದ್ದಿ, ಒರೆಸಿ, ಮೊನೆ ತಿದ್ದಿ ಇಟ್ಟಳು. ಹಲಗೆಯ ಒಂದು ಮಗ್ಗುಲು ಖಾಲಿಯಾಗಿತ್ತು. ಹೊಸ ಹಾಳೆಯನ್ನು ನೀರಿನಲ್ಲಿ ನೆನೆಸಿ ತಂದು ಹಲಗೆಯ ಮೇಲೆ ಹರವಿದಳು. ನಾನು ಅಂಟು ಪಟ್ಟಿಯನ್ನು ಅಳತೆಗೆ ಕತ್ತರಿಸಿ, ಒದ್ದೆ ಮಾಡಿ, ಒಂದೊಂದೇ ಅಂಚಿಗೆ ಕೂರಿಸಿದೆ. ಅವಳು ಅಂಗೈಯಲ್ಲಿ ಒತ್ತಿ ಹಿಡಿದಳು. ಕೊನೆಯ ಅಂಚೂ ಅಂಟಿತು. ಹಲಗೆಯನ್ನು ಬೆಳಗಿನ ಹೊತ್ತಿಗೆ ಹಾಳೆ ಒಣಗಿರಲೆಂದು ಜಗಲಿಯಲ್ಲಿ ಮಟ್ಟವಾಗಿ ಮಲಗಿಸಿ, ನಾನು ಚಪ್ಪಲಿ ಮೆಟ್ಟಿಕೊಂಡೆ.