ಉಡಿ ತುಂಬಲು ಅನಗವಾಡಿಗೆ

ಬೆಳಿಗ್ಗೆ ಕ್ರೂಸರ್ ಗಾಡಿ ನಮ್ಮ ಓಣಿಯಿಂದ ಹೊರಟಾಗ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಅಣ್ಣನ ಮಗಳು ಭಾಗ್ಯಳಿಗೆ ಏಳು ತಿಂಗಳು. ಅನಗವಾಡಿಯಲ್ಲಿ, ಅವಳ ಗಂಡನ ಮನೆಯಲ್ಲಿ, ಅಂದು ಕುಬಸ, ಅಂದರೆ ಸೀಮಂತ. ತವರಿನವರು ಹಸಿರು ಸೀರೆ, ರೊಟ್ಟಿ ಬುತ್ತಿ ಒಯ್ದು, ಉಡಿ ತುಂಬಿ, ಹುಡುಗಿಯನ್ನು ಬಾಣಂತನಕ್ಕೆ ಬನಹಟ್ಟಿಗೆ ಕರೆತರುವುದು ಪದ್ಧತಿ. ಗಾಡಿಯಲ್ಲಿ ಓಣಿಯ ಹೆಂಗಸರೆಲ್ಲ ಇದ್ದರು. ಅವಳನ್ನು ಎತ್ತಿ ಆಡಿಸಿದ ಸೋದರತ್ತೆಯಾದ ನನಗೆ ಮಾತ್ರ ಜಾಗವಿರಲಿಲ್ಲ.

"ನಿನ್ನ ವಾಕರ್ ಎಲ್ಲಿಡೂದು ತಂಗಿ?" ಎಂದಿದ್ದ ಅಣ್ಣ. ಮಡಚಿದರೆ ಅದು ಸೀಟಿನ ಕೆಳಗೆ ಹೋಗುತ್ತದೆ ಎಂಬುದು ಅವನಿಗೂ ಗೊತ್ತು. ನಿಜವಾದ ಕಾರಣ ಅತ್ತಿಗೆಯ ಬಾಯಿಂದ ಮೊದಲೇ ಹೊರಬಿದ್ದಿತ್ತು. ಭಾಗ್ಯಳ ಅತ್ತೆ ಗಂಗವ್ವ ಹೇಳಿ ಕಳಿಸಿದ್ದರಂತೆ: ಕರೆಂಟ್ ತಗೊಂಡ ಮೈ ಬಸುರಿಯನ್ನು ಮುಟ್ಟಬಾರದು, ಕೂಸಿಗೆ ತಾಗೀತು.

ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಯನ್ನು ನಮ್ಮ ಕಡೆ ಕರೆಂಟ್ ಎಂದೇ ಕರೆಯುತ್ತಾರೆ. ನನ್ನ ಎದೆಯೊಳಗೆ, ಬೆನ್ನೆಲುಬಿಗೆ ಹತ್ತಿಕೊಂಡು ಒಂದು ಗಡ್ಡೆ ಇತ್ತು. ಕರೆಂಟ್ ಕೊಟ್ಟರು, ಗಡ್ಡೆ ಕರಗಿತು, ಮನೆಗೆ ಬಂದು ಮಗ್ಗಕ್ಕೆ ಕುಳಿತೆ. ವರ್ಷ ದಾಟಿದ ಮೇಲೆ ಬಲಗಾಲು ಕೈಮಗ್ಗ ತುಳಿಯಲು ಒಲ್ಲೆ ಎಂದಿತು. ಎಡಗಾಲಿಗೆ ಬಲವಿದೆ, ಆದರೆ ಬಿಸಿ, ತಂಪು, ನೋವು ಯಾವುದೂ ತಿಳಿಯದು. ಕತ್ತು ಬಗ್ಗಿಸಿದರೆ ಬೆನ್ನಿನಿಂದ ಹಿಮ್ಮಡಿಯವರೆಗೆ ಝಲ್ಲೆಂದು ಹೊಡೆಯುತ್ತದೆ. ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದರು: ಕ್ಯಾನ್ಸರ್ ಮರಳಿ ಬಂದಿಲ್ಲ, ಗಡ್ಡೆಗೆ ಬಿಟ್ಟ ಕಿರಣ ಬೆನ್ನುಹುರಿಗೂ ಪೆಟ್ಟು ಮಾಡಿದೆ, ಅಪರೂಪಕ್ಕೆ ಹೀಗಾಗುತ್ತದೆ, ಹಾಳಾದದ್ದು ಸರಿಹೋಗುವುದಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು, ಈಗಲೂ ಇದೆ. ಆದರೆ ಆ ಕಿರಣ ಇಲ್ಲದಿದ್ದರೆ ಸಿಟ್ಟು ಮಾಡಲು ನಾನೇ ಇರುತ್ತಿರಲಿಲ್ಲ.

ಗಾಡಿ ಮರೆಯಾದ ಕೂಡಲೇ ಉಡಿ ಸಾಮಾನು ಚೀಲಕ್ಕೆ ಹಾಕಿದೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ರವಿಕೆಗೆ ಒಂದು ಖಣ. ನಮ್ಮ ಮನೆಯವರು ಪಾವರ್‌ಲೂಮ್ ನಿಲ್ಲಿಸಿ ಬಂದರು.

"ನಾನೂ ಬರ್ಲೇನು?"

"ನೀವು ಕರ್ಕೊಂಡು ಹೋದ್ರ ನಾ ಹೋದಂಗ ಆಗೂದಿಲ್ರಿ."

ಅವರು ಚೀಲವನ್ನು ವಾಕರಿಗೆ ಬಿಗಿಯಾಗಿ ಕಟ್ಟಿ ಆಟೋ ಕರೆದರು.

ಬನಹಟ್ಟಿಯಿಂದ ಜಮಖಂಡಿಗೆ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಹೆಂಗಸರಿಗೆ ಸೊನ್ನೆ ಟಿಕೆಟ್, ಆಧಾರ್ ತೋರಿಸಿದರೆ ಸಾಕು. ಕಬ್ಬಿನ ಸುಗ್ಗಿ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆ ತುಂಬ ಹೊರಟಿದ್ದವು. ನಮ್ಮ ಬಸ್ಸು ಅವುಗಳ ಹಿಂದೆ ತೆವಳಿತು. ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ.

ಜಮಖಂಡಿ ನಿಲ್ದಾಣದಲ್ಲಿ ಬೀಳಗಿ ಬಸ್ಸು ತಯಾರಾಗಿ ನಿಂತಿತ್ತು. ಬಾಗಿಲಿಗೆ ವಾಕರ್ ಆನಿಸಿ ಬಲಗಾಲನ್ನು ಕೈಯಿಂದ ಎತ್ತಿ ಮೆಟ್ಟಿಲಿಗೆ ಇಡುತ್ತಿದ್ದೆ. "ಅಕ್ಕಾರ, ಹಿಂದಿನ ಗಾಡಿಗೆ ಬರ್ರಿ, ಟೈಮ್ ಆಗೇತಿ," ಎಂದು ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು. ಮುಂದಿನದು ಮಧ್ಯಾಹ್ನಕ್ಕೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಬುದ್ಧಿ ಹೇಳಿದರು: "ಇಂಥಾ ಪರಿಸ್ಥಿತ್ಯಾಗ ಮನ್ಯಾಗ ಕುಂದರಬೇಕವ್ವಾ."

"ನನ್ನ ಪರಿಸ್ಥಿತಿ ಛಲೋ ಐತ್ರೀ ಯಜ್ಜಾ. ಬಸ್ಸಿಂದ ಕೆಟ್ಟೈತಿ," ಎಂದೆ.

ಮುಧೋಳದ ಬಸ್ಸು ಬಂತು. ಮುಧೋಳಕ್ಕೆ ಹೋಗಿ ಅಲ್ಲಿಂದ ಬೀಳಗಿ ಹಿಡಿದರೆ ಸುತ್ತು, ಆದರೂ ಮಧ್ಯಾಹ್ನದೊಳಗೆ ಮುಟ್ಟಬಹುದು. ಈ ಬಸ್ಸಿನ ಕಂಡಕ್ಟರ್ ದೇವರಂಥವನು. ನಾಲ್ಕು ಮಂದಿಯನ್ನು ಎಬ್ಬಿಸಿ, ನನ್ನನ್ನು ಮುಂದೆ ಎಂಜಿನ್ ಪಕ್ಕ ಕೂಡಿಸಿದ. "ಇಲ್ಲಿ ಕಾಲು ಚಾಚಾಕ ಬರ್ತೈತ್ರಿ." ಪಕ್ಕದಲ್ಲಿ ಹಣೆ ತುಂಬ ಭಂಡಾರದ ಅರಿಶಿನ ಹಚ್ಚಿದ ಹೆಂಗಸು. ಹೆಸರು ಲಗಮವ್ವ. ರನ್ನ ಬೆಳಗಲಿಯ ಕುರಿಗಾರರ ಮನೆಯವಳು, ಬೀರಪ್ಪನ ಗುಡಿಗೆ ಬಂದು ಊರಿಗೆ ಹೊರಟಿದ್ದಳು. ಅವಳ ಕುರಿ, ನನ್ನ ಮಗ್ಗದ ಸೀರೆ, ಅವಳ ಸೊಸೆ, ನನ್ನ ಭಾಗ್ಯ ಎಂದು ಮಾತು ಸಾಗಿತ್ತು. ಒಮ್ಮೆಲೇ ಅವಳು ಮೂಗು ಅರಳಿಸಿದಳು.

"ಯವ್ವಾ, ಕಾಲು ತಗೀಬೇ. ಸುಡಾಕತ್ತೈತಿ."

ಚಪ್ಪಲಿ ಜಾರಿ ನನ್ನ ಎಡಗಾಲು ಎಂಜಿನ್ನಿನ ತಗಡಿಗೆ ಒತ್ತಿಕೊಂಡಿತ್ತು. ಅವಳೇ ಕಾಲು ಎಳೆದು ಬಾಟಲಿಯ ನೀರು ಸುರಿದಳು. ಹಿಮ್ಮಡಿಯ ಪಕ್ಕ ಬೊಬ್ಬೆ ಎದ್ದಿತ್ತು. ಕಂಡಕ್ಟರ್ ತಲೆ ಹಿಡಿದುಕೊಂಡ. ಅವನ ತಪ್ಪೇನಿಲ್ಲ, ನಾನೇ ಹೇಳಬೇಕಿತ್ತು.

"ನೋವಾಗವಲ್ದೇನ ನಿನಗ?" ಎಂದಳು ಲಗಮವ್ವ.

"ಇಲ್ಲ."

"ಹಂಗಾರ ನಾನ ಅಳ್ತೀನಿ ಬಿಡು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಎಲ್ಲ ಹೇಳಿದೆ. ಅವಳು ಖಾಲಿ ಬಾಟಲಿಗೆ ಮುಚ್ಚಳ ತಿರುವಿದಳು. "ಔಷಧಾನ ಹಿಂಗ ಮಾಡ್ತಂದ್ರ ಯಾರ ಮ್ಯಾಲೆ ಜಗಳಾ ತಗೀಬೇಕು?"

"ನಾನೂ ಅದನ್ನ ಹುಡುಕಾಕತ್ತೇನಿ."

ಮುಧೋಳದಲ್ಲಿ ಔಷಧಿ ಅಂಗಡಿಯವರು ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು, ನಾಳೆ ತಪ್ಪದೆ ಡಾಕ್ಟರಿಗೆ ತೋರಿಸಿ ಎಂದರು. ಶೌಚಾಲಯಕ್ಕೆ ಮೆಟ್ಟಿಲಿತ್ತು, ಈ ಕಾಯಿಲೆಯಲ್ಲಿ ಮೂತ್ರ ತಡೆದುಕೊಳ್ಳುವುದೂ ಆಗದು. ಲಗಮವ್ವ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿ ಇಳಿಸಿದಳು. ಆಮೇಲೆ ಅವಳ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ತಿನ್ನುತ್ತಿದ್ದಂತೆ ನನಗೆ ಹೆದರಿಕೆ ಹತ್ತಿತು. ಹೀಗೇ ಎಲ್ಲೋ ಬಿದ್ದರೆ, ಅನಗವಾಡಿಯ ಬಾಗಿಲಲ್ಲೇ ನಿಲ್ಲಿಸಿಬಿಟ್ಟರೆ? ತಿರುಗಿ ಮನೆಗೆ ಹೋಗಿಬಿಡಲೇ ಎಂದೆ.

ಲಗಮವ್ವ ಕೈ ತೊಳೆದು ಎದ್ದಳು. "ಹಿಂದಕ ಹೋಗೂ ಬಸ್ಸೂ ನಿಂತೈತಿ, ಮುಂದಕ ಹೋಗೂದೂ ನಿಂತೈತಿ. ಯಾವುದ ಹತ್ತಸ್ಲಿ?"

"ಬೀಳಗಿದು," ಎಂದೆ. ಅವಳು ನನ್ನನ್ನು ಹತ್ತಿಸಿ ತನ್ನೂರಿನ ಬಸ್ಸಿಗೆ ಹೋದಳು.

ಬೀಳಗಿಗೆ ತಲುಪುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮನೆಯವರ ಫೋನ್ ಬಂತು. ಎಲ್ಲಿ ಇದ್ದೀ ಎಂದು ಕೇಳಿದರು, ಹೇಳಿದೆ. ಕಾಲು ಸುಟ್ಟದ್ದನ್ನು ಮಾತ್ರ ಮುಚ್ಚಿಟ್ಟೆ. ಅನಗವಾಡಿಯ ಬಸ್ಸಿನಲ್ಲಿ ಜನ ತಾವಾಗಿಯೇ ಜಾಗ ಬಿಟ್ಟರು. ಊರು ಹತ್ತಿರ ಬಂದಾಗ ಕಿಟಕಿಯಿಂದ ಹೊಳೆ ಕಂಡಿತು, ಅಗಲವಾಗಿ, ಅವಸರವಿಲ್ಲದೆ. ನನಗೆ ಮಾತ್ರ ಅವಸರವಿತ್ತು.

ಗಂಗವ್ವನವರ ಅಂಗಳದಲ್ಲಿ ನಮ್ಮ ಕ್ರೂಸರ್ ನಿಂತಿತ್ತು. ವಾಕರಿನ ಸಪ್ಪಳಕ್ಕೆ ಹೊರಗೆ ಬಂದ ಅಣ್ಣನ ಮುಖ ಬಿಳಿಚಿತು. "ಹೆಂಗ ಬಂದಿ?"

"ನಾಕು ಬಸ್ಸಿನಾಗ. ಎಲ್ಲಾದ್ರಾಗೂ ಜಾಗಾ ಇತ್ತು."

ಪಡಸಾಲೆಯ ನಡುವೆ ಮಣೆಯ ಮೇಲೆ ಭಾಗ್ಯ ಹಸಿರು ಸೀರೆ ಉಟ್ಟು ಕುಳಿತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಉಡಿ ತುಂಬುತ್ತಿದ್ದರು. ಗಂಗವ್ವ ಅವಸರದಿಂದ ಬಂದು ಬಾಗಿಲ ಬಳಿಯೇ ಕುರ್ಚಿ ಹಾಕಿದರು. "ದಣದೀರಿ ಅಕ್ಕಾರ, ಇಲ್ಲೇ ಕುಂದರ್ರಿ. ಊಟಾ ಇಲ್ಲಿಗೇ ಕಳಸ್ತೀನಿ."

ಕುಳಿತೆ. ಕುಳಿತೇ ಎಲ್ಲರಿಗೂ ಕೇಳುವಂತೆ ಹೇಳಿದೆ. "ಬೀಗರ, ಆ ಕರೆಂಟ್ ಮಿಷನ್ ಬಂದ್ ಮಾಡಿದ ಗಳಿಗ್ಯಾಗ ಮುಗದೈತ್ರಿ. ನನ್ನ ಮೈಯಾಗ ಉಳಿದಿದ್ರ ಲೈಟ್ ಹೋದಾಗೆಲ್ಲಾ ಬನಹಟ್ಟಿ ಮಗ್ಗ ನಾನ ನಡಸ್ತಿದ್ದೆ. ಕೆಟ್ಟಿದ್ದು ನನ್ನ ಬೆನ್ನುಹುರಿ, ಅದು ಯಾರಿಗೂ ತಾಗೂದಲ್ಲ. ಡಾಕ್ಟರಿಗೆ ಫೋನ್ ಹಚ್ಚಿ ಕೊಡ್ಲೇನ್ರಿ?"

ಯಾರೋ ಕಿಸಕ್ಕನೆ ನಕ್ಕರು. ಗಂಗವ್ವ ನಗಲಿಲ್ಲ. "ಹ್ವಾದ ವರ್ಷ ಈಕಿ ಬಸುರ ಮೂರ ತಿಂಗಳಿಗೆ ಹೋತ್ರಿ," ಎಂದರು ಮೆಲ್ಲಗೆ. "ನನಗ ಎಲ್ಲಾದಕ್ಕೂ ಹೆದರಿಕಿ ಆಗೇತಿ."

ಆ ಸುದ್ದಿ ನನಗೆ ಗೊತ್ತೇ ಇರಲಿಲ್ಲ, ಅಣ್ಣ ಹೇಳಿರಲಿಲ್ಲ. ನನ್ನ ಸಿಟ್ಟು ಅರ್ಧ ಇಳಿಯಿತು. ಆದರೆ ಚೀಲ ಬಿಚ್ಚುತ್ತಿದ್ದ ಕೈ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಭಾಗ್ಯ ಮಣೆ ಬಿಟ್ಟು ಎದ್ದಳು. ಕುತ್ತಿಗೆ ಬಗ್ಗಿಸಿದರೆ ನಾನು ಅವಳ ಮೇಲೇ ಬೀಳುತ್ತೇನೆಂಬುದು ಆ ಹುಡುಗಿಗೆ ಗೊತ್ತು. ನನ್ನ ಕುರ್ಚಿಯ ಮುಂದೆ ಬಂದು ನಿಂತು, ಸೆರಗನ್ನು ಎರಡೂ ಕೈಯಿಂದ ನನ್ನ ಎದೆಯ ಮಟ್ಟಕ್ಕೆ ಒಡ್ಡಿದಳು.

"ತುಂಬು ಅತ್ತಿ."

"ನಿಂತು ತುಂಬಿಸ್ಕೋಬಾರ್ದು," ಎಂದರು ಒಳಗಿನಿಂದ ಯಾರೋ.

"ಬಸುರಿ ನಾನು. ನನಗ ಹೆಂಗ ಬೇಕೊ ಹಂಗ ನಿಂದರ್ತೀನಿ."

ಐದು ಬೊಗಸೆ ಅಕ್ಕಿ ಹಾಕಿದೆ. ಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು, ಮೇಲೆ ಖಣ. ಗಂಗವ್ವ ಅರಿಶಿನ ಕುಂಕುಮದ ಬಟ್ಟಲು ಹಿಡಿದು ನನ್ನೆದುರು ಬಂದು ಒಂದು ಗಳಿಗೆ ನಿಂತರು. ಆಮೇಲೆ ಬೆರಳು ಅದ್ದಿ ನನ್ನ ಎರಡೂ ಗಲ್ಲಕ್ಕೆ ಅರಿಶಿನ ಹಚ್ಚಿದರು.

ಸಂಜೆ ಹೊರಡುವಾಗ ಅಣ್ಣನೇ ವಾಕರ್ ಮಡಚಿ ಸೀಟಿನ ಕೆಳಗೆ ತಳ್ಳಿದ. ಜಮಖಂಡಿಯ ನೇರ ರಸ್ತೆ ಹಿಡಿದೆವು. ಭಾಗ್ಯ ನನ್ನ ಪಕ್ಕವೇ ಕುಳಿತಳು. ಬೀಳಗಿ ದಾಟುವ ಮೊದಲೇ ಒಂದು ಮಗ್ಗುಲಾಗಿ ಮುದುಡಿ, ನನ್ನ ಎಡತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

"ಈ ಕಡೆ ಕೊಡ್ರಿ, ನಿಮ್ಮ ಕಾಲು ಜೋಮು ಹಿಡದೀತು," ಎಂದಳು ಅತ್ತಿಗೆ. ಬೇರೆ ಯಾರ ತೊಡೆಯಾಗಿದ್ದರೂ ಅರ್ಧ ತಾಸಿಗೊಮ್ಮೆ ಅವಳನ್ನು ಎಬ್ಬಿಸಿ ಸರಿಸಬೇಕಾಗುತ್ತಿತ್ತು. ನನ್ನ ಎಡಗಾಲಿಗೆ ಆ ತೊಂದರೆಯೇ ಇಲ್ಲ ಎಂದೆ. ಬನಹಟ್ಟಿ ಬರುವವರೆಗೂ ಅವಳು ಮಲಗಿದ್ದಳು, ನಾನು ಕದಲಲಿಲ್ಲ.